ಹೊತ್ತು ಮುಳುಗುವುದರೊಳಗೆ

ಪುದೀನದ ಕುಡಿಗಳನ್ನು ಅಂಗೈಯಲ್ಲಿಟ್ಟು ಚಪ್ಪಾಳೆ ಹೊಡೆದವನೇ ಸಮ್ಮೇದ ಬೆಚ್ಚಿದ. ಇಷ್ಟು ಪರಿಮಳ! ಅರೆಯಬೇಡಿ, ಒಂದೇ ಏಟು ಕೊಡಿ ಎಂದಿದ್ದಳು ಮೊಬೈಲಿನ ವಿಡಿಯೊದಲ್ಲಿ ಶರಬತ್ತು ಕಲಿಸುವ ಹುಡುಗಿ. ಕಾಲೇಜಿನಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವನಿಗೆ ಇದು ಗೊತ್ತಿರಲಿಲ್ಲ. ನಿಪ್ಪಾಣಿಯ ಬೇಸಿಗೆಗೆ ತಂಬಾಕಿನ ಗೋದಾಮುಗಳ ಘಾಟು ಅಂಟಿಕೊಂಡೇ ಇರುತ್ತದೆ. ಇವತ್ತು ಅದೂ ಸೋತಿತ್ತು.

ಗಂಟೆ ಆರೂವರೆ.

ಹೋದ ವಾರ ಕಪಾಟು ಒರೆಸುವಾಗ ಹೆಂಡತಿ ದೀಪಾಲಿಗೆ ಪುಸ್ತಕಗಳ ಹಿಂದೆ ಜಿನ್ ಬಾಟಲಿ ಸಿಕ್ಕಿತ್ತು. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಬಾಟಲಿಯ ಧೂಳನ್ನೂ ಒರೆಸಿ ಅಲ್ಲೇ ಇಟ್ಟಳು. ಅವನಿಗೆ ಹೆದರಿಕೆಯಾದದ್ದು ಅದಕ್ಕೇ. ಮೂರು ದಿನ ಬಿಟ್ಟು ಕೇಳಿದಳು:

"ಮುಚ್ಚಿಟ್ಟು ಯಾಕ ಕುಡೀತೀರಿ? ನನ್ನ ಮುಂದ ಕುಂತು ಕುಡೀರಿ. ನನಗೂ ಒಂದು ಗ್ಲಾಸ್ ಮಾಡ್ರಿ, ಅದನ್ನ ಹಾಕದಂಗ."

"ಯಾವಾಗ?"

"ರವಿವಾರ. ಹೊತ್ತು ಮುಳುಗೋದ್ರಾಗ."

ಹೊತ್ತು ಮುಳುಗಿದ ಮೇಲೆ ಅವಳು ನೀರನ್ನೂ ಮುಟ್ಟುವುದಿಲ್ಲ. ಬಸದಿಯಲ್ಲಿ ತೊಟ್ಟ ವ್ರತ. ಅವಳ ಊಟ ಆರಕ್ಕೆ, ಅವನದು ಒಂಬತ್ತಕ್ಕೆ. ಎಷ್ಟೋ ವರ್ಷಗಳಿಂದ ಇಬ್ಬರೂ ಅವೇ ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಉಣ್ಣುತ್ತಿದ್ದರು. ಒಮ್ಮೆ ಎದುರುಬದುರು ಕೂತು ಗ್ಲಾಸ್ ಎತ್ತಬೇಕು. ಅವನಿಗೆ ಬೇಕಾಗಿದ್ದುದು ಇಷ್ಟೇ.

ವಿಡಿಯೊದವಳು ಹೇಳಿದ ಶುಂಠಿಯನ್ನು ಕೈಬಿಟ್ಟ; ನೆಲದೊಳಗೆ ಬೆಳೆಯುವ ಗಡ್ಡೆ ಅದು, ಅವಳಿಗೆ ವರ್ಜ್ಯ. ನೀರನ್ನು ಬಿಳಿ ಅರಿವೆಯಲ್ಲಿ ಸೋಸಿದ. ನಿಂಬೆ ಹಿಂಡಿದ, ಕಾಮಕಸ್ತೂರಿ ಬೀಜ ಉದುರಿಸಿದ. ಇಷ್ಟೆಲ್ಲ ಶುದ್ಧ ಮಾಡಿ ತನ್ನ ಗ್ಲಾಸಿಗೆ ಜಿನ್ ಸುರಿದುಕೊಳ್ಳುವಾಗ ಅವನಿಗೇ ನಗು ಬಂತು.

ಮಾಳಿಗೆಯ ಮೇಲೆ ಪುದೀನದ ಕುಂಡಗಳ ಪಕ್ಕ ದೀಪಾಲಿ ಎರಡು ಕುರ್ಚಿ ಹಾಕಿ ಕಾಯುತ್ತಿದ್ದಳು. ಹೆದ್ದಾರಿಯಾಚೆ ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಗ್ಲಾಸುಗಳ ಮೂಲಕ ಹಾದ ಬೆಳಕು ಅವಳ ಸೀರೆಯ ಮೇಲೆ ಹಸಿರಾಗಿ ನಡುಗಿತು.

"ಎಷ್ಟ ಚಂದ ಕಾಣಾಕತ್ತೈತಿ!" ಎಂದು ಗ್ಲಾಸನ್ನು ತುಟಿಯ ತನಕ ತಂದವಳು ಅಲ್ಲೇ ನಿಲ್ಲಿಸಿದಳು. "ಅಲ್ರೀ, ಎಲಿ ಆರಿಸಿದ್ರೇನು?"

"ತೊಳದೀನಿ."

"ಆರಿಸಿದ್ರೇನು?"

ಹುಳ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡದೆ ಈ ಮನೆಯಲ್ಲಿ ಒಂದೆಲೆಯೂ ಒಲೆಯ ಹತ್ತಿರ ಹೋಗದು. ಅವನು ಮರೆತಿದ್ದ. ಗ್ಲಾಸಿನಿಂದ ಮೇಲೆದ್ದ ಕುಡಿಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಹಸಿರು ಹುಳ ಹರಿದಾಡುತ್ತಿತ್ತು. ಅವನ ಚಪ್ಪಾಳೆಯ ಏಟಿಗೂ ಸತ್ತಿರಲಿಲ್ಲ!

"ಯಾವ ಕುಂಡದಾಗಿಂದು ಇದು?"

"ಮೂಲಿಯಾಗಿಂದು."

ಕುಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಗಾಳಿ ತಾಗದಂತೆ ಇನ್ನೊಂದು ಕೈ ಮರೆ ಮಾಡಿ, ಅವಳು ಮೂಲೆಯ ಕುಂಡದೆದುರು ಕುಕ್ಕರಗಾಲಲ್ಲಿ ಕೂತಳು. ಕುಡಿಯನ್ನು ಗಿಡಕ್ಕೆ ತಾಗಿಸಿ ಹಿಡಿದಳು. ಹುಳ ಅಂಚಿನ ತನಕ ಬಂತು, ಹಿಂದಿರುಗಿತು.

ಸೂರ್ಯನ ತಳ ನೆಲ ಮುಟ್ಟಿತು.

"ದೀಪಾಲಿ, ಹೊತ್ತು..."

"ತಡೀರಿ. ತಾನಾಗೇ ಇಳೀಲಿ."

ಅವಳು ಉಸಿರನ್ನೂ ಹಿಡಿದಿದ್ದಳು. ಕೈ ಒಂದಿಷ್ಟೂ ಅಲುಗಲಿಲ್ಲ. ಸಮ್ಮೇದ ಆ ಕೈಯನ್ನೇ ನೋಡಿದ. ದಿನವೂ ತನ್ನ ಅಂಗಿ ಮಡಚುವ ಈ ಕೈಗಳಲ್ಲಿ ಇಷ್ಟೊಂದು ಜೋಪಾನ ಇತ್ತೆ? ಎದ್ದು ಕೈಮುಗಿಯಬೇಕು ಅನಿಸಿತು. ಹೊಟ್ಟೆಕಿಚ್ಚೂ ಆಯಿತು, ಒಂದು ಹುಳದ ಮೇಲೆ.

"ಇಳೀತ್ರಿ!" ಮಗುವಿನಂತೆ ಹಿಗ್ಗಿ ಎದ್ದವಳು ಪಡುವಣಕ್ಕೆ ನೋಡಿದಳು. ಅಲ್ಲಿ ಬರೀ ಕೆಂಪು ಉಳಿದಿತ್ತು. ನಗು ಮುಖದ ಮೇಲೆ ಇನ್ನಷ್ಟು ಹೊತ್ತು ನಿಂತು ಹೋಯಿತು.

"ಹೋತಲ್ರಿ ಹೊತ್ತು. ನೀವು ಕುಡೀರಿ."

"ನಾಳೆ?"

"ನೋಡೂಣು."

ದೀಪ ಹಚ್ಚಲು ಅವಳು ಕೆಳಗಿಳಿದಳು. ಅವನು ತನ್ನ ಗ್ಲಾಸ್ ಎತ್ತಿದ. ಒಳಗೆ, ಕರಗುತ್ತಿದ್ದ ಐಸಿನ ಪಕ್ಕ, ಅಷ್ಟೇ ಹಸಿರಾದ ಇನ್ನೊಂದು ಹುಳ ಕೈಕಾಲು ಆಡಿಸುತ್ತಿತ್ತು.

ಕೂಗಿದರೆ ಅವಳು ಓಡಿ ಬರುತ್ತಾಳೆ. ಹುಳಕ್ಕಾಗಿ ಖಂಡಿತ ಬರುತ್ತಾಳೆ.

ಅವನು ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಂತ. ಹುಳ ಗಾಜಿನ ಗೋಡೆ ಹತ್ತಿತು, ಜಾರಿತು, ಮತ್ತೆ ಹತ್ತತೊಡಗಿತು.