ಒಂದರಿಂದ ನಾಲ್ಕರವರೆಗಿನ ಕಾದಂಬರಿಕಾರ

ಪುಣೆಯ ರವಿವಾರ ಪೇಠೆಯಲ್ಲಿ ಮಧ್ಯಾಹ್ನ ಒಂದಕ್ಕೆ ಇಳಿದ ಷಟರ್, ಬ್ರಹ್ಮನೇ ಗಿರಾಕಿಯಾಗಿ ಬಂದು ನಿಂತರೂ ನಾಲ್ಕರವರೆಗೆ ಏಳುವುದಿಲ್ಲ. ಉಳಿದ ವ್ಯಾಪಾರಿಗಳು ಆ ಹೊತ್ತಿನಲ್ಲಿ ನಿದ್ರಿಸುತ್ತಾರೆ. ಪಾತ್ರೆ ವ್ಯಾಪಾರಿ ಮುರುಗೆಪ್ಪನವರು ಕಾದಂಬರಿ ಬರೆಯುತ್ತಾರೆ. ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವೆಂಬುದು ಅವರ ಪತ್ನಿ ಅನುಸೂಯಾಬಾಯಿಯವರ ಅಭಿಪ್ರಾಯ. "ಅವರು ಮಲಗಿ ಕನಸು ಕಾಣ್ತಾರ, ಇವರು ಕುಂತು ಕಾಣ್ತಾರ."

ಬಾಗಲಕೋಟೆಯ ಕಡೆಯಿಂದ ಬಂದ ಹರೆಯದಲ್ಲಿ ಅವರು ಪಿಂಪ್ರಿಯ ಕಾರ್ಮಿಕರ ಚಾಳುಗಳಲ್ಲಿ ಪಾತ್ರೆ ಹೊತ್ತು ಮಾರಿದವರು. ಈಗ ಎರಡು ಅಂಗಡಿ, ಐದು ಕಾದಂಬರಿ. ಅಂಗಡಿಗಳು ತಾವಾಗಿಯೇ ನಡೆಯುತ್ತವೆ. ಕಾದಂಬರಿಗಳನ್ನು ಕೈಹಿಡಿದು ನಡೆಸಬೇಕು. ಅದಕ್ಕೂ ಒಂದು ಹಾದಿ ಕಂಡುಕೊಂಡಿದ್ದರು. ಕನ್ನಡ ಬಲ್ಲವರು ಮದುವೆಗೆ ಪಾತ್ರೆ ಕೊಂಡರೆ ದೊಡ್ಡ ಪಾತೇಲಿಯೊಳಗೆ ಕಾದಂಬರಿಯೊಂದು ಉಚಿತವಾಗಿ ಕೂತಿರುತ್ತಿತ್ತು. ಪಾತ್ರೆಯ ಮೇಲೆ ಕೊಂಡವರ ಹೆಸರು ಕೊರೆದ ಕೈಯೇ ಪುಸ್ತಕದ ಮೇಲೂ ಅದನ್ನು ಬರೆದು ಸಹಿ ಹಾಕುತ್ತಿತ್ತು. "ಭಾಳ ಛಲೋ ಅದ್ರಿ" ಎಂದು ಎಲ್ಲರೂ ಹೇಳಿದರು. ಹೇಳಿದ್ದು ಪಾತೇಲಿಯನ್ನೋ ಪುಸ್ತಕವನ್ನೋ ಎಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಒಬ್ಬರಾದರೂ ಕೊನೆಯ ಪುಟವನ್ನು ಮುಟ್ಟಿದ್ದಾರೆಯೇ? ಇದೊಂದು ತಿಳಿಯದೆ ಆರನೆಯದಕ್ಕೆ ಪೆನ್ನು ಏಳದಾಗಿತ್ತು.

ಹಾಗೆ ಖಾಲಿ ಹಾಳೆಯನ್ನು ದಿಟ್ಟಿಸುತ್ತ ಕೂತಿದ್ದ ಒಂದು ಮಧ್ಯಾಹ್ನ ಯಾರೋ ಷಟರ್ ಬಡಿದರು. ಆ ಪೇಠೆಯಲ್ಲಿ ಅದು ಪಾಪಕಾರ್ಯ. ಕುತೂಹಲಕ್ಕೇ ಅವರು ಷಟರನ್ನು ಅರ್ಧ ಎತ್ತಿದರು. ಬಗಲಲ್ಲಿ ಚೀಲ ಹಿಡಿದ ಹೆಂಗಸೊಬ್ಬರು ಬಾಗಿ ಒಳಗೆ ಬಂದರು.

"ನಾ ಸಾವಂತ್ರವ್ವ, ಖಡಕಿಯಿಂದ. ಕಾರಖಾನ್ಯಾಗ ಕ್ಲಾರ್ಕ್ ಇದ್ದೆ, ಈಗ ರಿಟೈರ್. ತಂಗಿ ಮಗಳ ಮದುವಿಗೆ ನಿಮ್ಮಲ್ಲೇ ಪಾತ್ರಿ ತೊಗೊಂಡಿದ್ದೆ. ಒಂದು ವಾಪಸ್ ಕೊಡೋದದ."

"ಹೆಸರು ಹಾಕಿಸಿದ ಮಾಲು ವಾಪಸ್ ತೊಗೊಳ್ಳೂದಿಲ್ರಿ ಅಕ್ಕಾರ."

"ತೂತು ಇದ್ರ?"

"ತೂತು ಇದ್ರ ತೊಗೋಬೇಕಲ್ರಿ."

ಆಕೆ ಚೀಲದಿಂದ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟದ್ದು ಅವರ ಐದನೆಯ ಕಾದಂಬರಿ.

"ಭೋರ ಊರಾಗ ಖಾನಾವಳಿ ನಡಸ್ತಾಳ ನಿಮ್ಮ ಕಥಿಯೊಳಗಿನ ದುರ್ಗಾ. ಊರ ಫೌಜದಾರನ ಕೈಲೇ ಉಳ್ಳಾಗಡ್ಡಿ ಹೆಚ್ಚಿಸಿದಾಕಿ. ಅಂಥಾಕಿಗೆ ಮುಂಜಾನೆ ಜ್ವರ, ಮಧ್ಯಾಹ್ನ ಸಾವು. ಇದು ತೂತಲ್ಲಾ?"

ಮುರುಗೆಪ್ಪನವರು ಗಂಟಲು ಸರಿಪಡಿಸಿಕೊಂಡರು. "ಅದು ದುರಂತರಿ ಅಕ್ಕಾರ. ಬದುಕಿನ ಅನಿಶ್ಚಿತತೆ..."

"ಅನಿಶ್ಚಿತತೆ ಅಲ್ರಿ, ಅಂಗಡಿ. ಒಂದರಿಂದ ನಾಲ್ಕರತನಕ ಬರೀತೀನಿ ಅಂತ ಪುಸ್ತಕದ ಹಿಂದಿನ ಪಾನದಾಗ ನೀವ ಹೇಳ್ಕೊಂಡೀರಿ. ನಾಲ್ಕಾಗಾಕ ಬಂದಿತ್ತು, ಅಕಿನ್ನ ಮುಗಿಸಿಬಿಟ್ರಿ."

ಸತ್ಯಕ್ಕೆ ಇಷ್ಟು ಕಡಿಮೆ ಬಟ್ಟೆ ತೊಡಿಸಿ ತಂದು ನಿಲ್ಲಿಸಿದವರನ್ನು ಅವರು ಕಂಡಿರಲಿಲ್ಲ. ಅಂದು ದೀಪಾವಳಿಯ ಗದ್ದಲ, ಹೊರಗೆ ಗಿರಾಕಿಗಳ ಕೂಗು. ದುರ್ಗಾಳ ಮರಣವನ್ನು ಅವರು ನಿಂತುಕೊಂಡೇ ಬರೆದಿದ್ದರು. ಮುಖ ಬಿಸಿಯಾಯಿತು. ಆದರೂ ಕಣ್ಣು ಪುಸ್ತಕದ ಮೇಲೆಯೇ ಇತ್ತು. ಪುಟಗಳ ಮೂಲೆಗಳು ಮಡಚಿದ್ದವು, ಒಂದೆಡೆ ಅರಿಶಿನದ ಬೆರಳಚ್ಚು.

"ಪೂರಾ ಓದೀರೇನ್ರಿ?" ಧ್ವನಿ ತಗ್ಗಿತ್ತು.

"ಓದದ ಅಳಾಕ ಬರ್ತದೇನು?"

ಮುರುಗೆಪ್ಪನವರು ಆಕೆಗೆ ಸ್ಟೂಲು ಸರಿಸಿದರು, ತಂಬಿಗೆಯಲ್ಲಿ ನೀರು ಕೊಟ್ಟರು. ಆಮೇಲೆ ರೂಢಿಯ ಮಾತೇ ಬಾಯಿಗೆ ಬಂತು. "ಬದಲಿ ಕೊಡ್ತೀನ್ರಿ. ಉಳಿದ ನಾಲ್ಕರಾಗ ಯಾವುದು ಬೇಕು ನೋಡ್ರಿ."

"ನನಗ ದುರ್ಗಾ ಬೇಕು."

"ಹಂಗಾದ್ರ ಕೊನಿ ಹೊಸದಾಗಿ ಬರೀತೀನಿ. ತುಸು ಟೈಮ್ ಹಿಡೀತದ. ಪುಸ್ತಕ ಇಲ್ಲೇ ಬಿಟ್ಟು ಹೋಗ್ರಿ." ಅವರು ಕೈ ಚಾಚಿದರು.

ಅಷ್ಟರಲ್ಲಿ ಸಾವಂತ್ರವ್ವ ಅದನ್ನೆತ್ತಿ ಚೀಲಕ್ಕೆ ಸೇರಿಸಿಯಾಗಿತ್ತು. "ಇದನ್ಯಾಕ ಬಿಡ್ಲಿ? ಅಕಿ ಜೀವಂತ ಇರೋ ಪಾನ ಭಾಳ ಅದಾವ. ನೀವು ಬರಿಯೂತನಕ ಅವನ್ನರ ಓದ್ತೀನಿ."

ಆಕೆ ಬಾಗಿ ಹೊರಗೆ ನಡೆದರು. ಷಟರ್ ಇಳಿಸಲು ಮರೆತು ಮುರುಗೆಪ್ಪನವರು ಹಾಳೆಯ ಮುಂದೆ ಕೂತರು. ಮೊದಲು ದುರ್ಗಾಳ ಜ್ವರ ಇಳಿಸಿದರು. ಆಕೆ ಎದ್ದು ಕೂತವಳೇ ಸೆರಗು ಸರಿಪಡಿಸಿಕೊಂಡು, ತನ್ನನ್ನು ಇಷ್ಟು ಕಾಲ ಮಲಗಿಸಿದವರು ಯಾರೆಂದು ತುಸು ಖಡಕಿಯ ಸಾವಂತ್ರವ್ವನ ಧಾಟಿಯಲ್ಲಿಯೇ ಬೈಯತೊಡಗಿದಳು.