ಕುದುರೆ ಹುಡುಗನಿಗೆ ಬಸುರಿಯರ ಸೂಜಿ

ಮೇಘನಳಿಗೆ ಒಂದು ಚಿಕ್ಕ ಚಿಂತೆ ಇತ್ತು. ಹಿಪ್ಪುನೇರಳೆ ಸೊಪ್ಪು ಬಿಡಿಸುವಾಗ, ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ, ಅದನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. 'ನಾನು ಟೀಟಿ ಹಾಕಿಸಿಕೊಂಡಿದ್ದು ಊರಿಗೆ ಗೊತ್ತಾದರೆ?'

ಆಗಿದ್ದು ಇಷ್ಟೇ. ಯುಗಾದಿಗೆ ಮುಂಚೆ ರೇಷ್ಮೆ ಹುಳುವಿನ ಮನೆ ತೊಳೆಯುತ್ತಿದ್ದಳು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಸಗಣಿ ಮೆತ್ತಿಕೊಂಡು ಬಿದ್ದಿತ್ತು. ಎತ್ತಲು ಹೋದಾಗ ಅದರ ಸಿಬಿರು ಅಂಗೈಗೆ ಆಳವಾಗಿ ಇಳಿಯಿತು. ಬಿ.ಎಸ್ಸಿ. ಓದಿದ ಹುಡುಗಿ, ಇದನ್ನು ಹಾಗೇ ಬಿಡಬಾರದು ಎಂದು ಗೊತ್ತಿತ್ತು. ಅಮ್ಮನನ್ನು ಕರೆದುಕೊಂಡು ಮಾಸ್ತಿ ಬಸ್ಸು ಹತ್ತಿದಳು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೊಳೆದರು, ತೋಳಿಗೆ ಒಂದು ಸೂಜಿ ಹಾಕಿದರು, ಕಳಿಸಿದರು.

ಊರಿನ ಸ್ಟಾಪಿನಲ್ಲಿ ಇಳಿದ ಮೇಲೆ ಅಮ್ಮ ಗಂಗರತ್ನಮ್ಮ ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ನೋಡಮ್ಮ, ಟೀಟಿ ಹಾಕಿಸ್ಕೊಂಡೆ ಅಂತ ಯಾರ್ ಹತ್ರಾನೂ ಬಾಯಿ ಬಿಡ್ಬೇಡ. ಮದುವೆ ಆಗ್ದಿರೋ ಹುಡುಗಿ ನೀನು. ಜನ ಏನೇನೋ ಅನ್ಕೋತಾರೆ."

ಏನೇನೋ ಎಂದರೆ ಏನು ಎಂದು ಮೇಘನ ಕೇಳಲಿಲ್ಲ. ಅವರ ಊರಿನಲ್ಲಿ ಟೀಟಿ ಎಂದರೆ ಬಸುರಿಯರ ಸೂಜಿ. ಆಶಾ ಕಾರ್ಯಕರ್ತೆ ಸುನಂದ ಯಾವುದಾದರೂ ಮನೆಯ ಬಾಗಿಲಲ್ಲಿ ನಿಂತು, "ಸೊಸೆಗೆ ಟೀಟಿ ಆಯ್ತಾ?" ಎಂದು ಕೇಳಿದಳೆಂದರೆ, ಸಂಜೆಯೊಳಗೆ ಊರಿಗೆಲ್ಲ ಸಿಹಿ ಸುದ್ದಿ ತಿಳಿದಿರುತ್ತಿತ್ತು. ಮೇಘನಳಿಗೆ ಈಗ ಗಂಡು ನೋಡುತ್ತಿದ್ದರು. ಮೊದಲೇ ಅವಳು ನಾಲ್ಕು ಜನ ಇದ್ದ ಕಡೆ ನೆಲ ನೋಡಿಕೊಂಡು ನಡೆಯುವವಳು. ಆ ಸೂಜಿಯ ವಿಷಯ ಅವಳ ಹೊಟ್ಟೆಯಲ್ಲೇ ಉಳಿಯಿತು.

ಅದೇ ಊರಿನ ಕದಿರೇಶನ ಸಮಾಚಾರ ಬೇರೆ. ಹದಿನಾರು ವರ್ಷದ ಹುಡುಗ, ಪಿಯುಸಿ ಮೊದಲ ವರ್ಷ. ಅವನ ಸೋದರಮಾವ ಮಾಲೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವನು. ವಯಸ್ಸಾಯಿತೆಂದು ಒಂದು ಬಿಳಿ ಹೆಣ್ಣು ಕುದುರೆಯನ್ನು ಅಳಿಯನಿಗೆ ಕೊಟ್ಟುಬಿಟ್ಟಿದ್ದ. ಸಂಜೆ ಕಾಲೇಜಿನಿಂದ ಬಂದವನೇ ಕದಿರೇಶ ಅದನ್ನು ಹಾಲಿನ ಡೈರಿಯ ಮುಂದೆ ತಂದು ನಿಲ್ಲಿಸುತ್ತಿದ್ದ. ಡೈರಿಯಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಬರಲು ಇಪ್ಪತ್ತು ರೂಪಾಯಿ. ಫೋನಿನಲ್ಲಿ ಬ್ಯಾಂಡ್ ಸೆಟ್ಟಿನ ಹಾಡು ಹಾಕಿದರೆ ಕುದುರೆ ಹಳೆಯ ಅಭ್ಯಾಸಕ್ಕೆ ಕತ್ತು ಎತ್ತಿ ಹೆಜ್ಜೆ ಹಾಕುತ್ತಿತ್ತು. ಅದಕ್ಕೆ ಐದು ರೂಪಾಯಿ ಜಾಸ್ತಿ. ಮಕ್ಕಳು ಬ್ಯಾಂಡಿಗೇ ಮುಗಿಬೀಳುತ್ತಿದ್ದರು. ಆ ದುಡ್ಡಿನಲ್ಲಿ ಕುದುರೆಯ ಹುರುಳಿ, ಬೂಸಾ ನಡೆಯುತ್ತಿತ್ತು, ಅವನ ಬಸ್ ಪಾಸೂ ನಡೆಯುತ್ತಿತ್ತು.

ಒಂದು ಸಂಜೆ ಮೇಘನ ಅಮ್ಮನ ಜೊತೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಕದಿರೇಶ ಕುಂಟುತ್ತ ಕುದುರೆ ಹಿಡಿದುಕೊಂಡು ಬಂದ. ಎಡಗಾಲಿನ ಹಿಮ್ಮಡಿಗೆ ಹಳೆಯ ಪಂಚೆಯ ಚೂರು ಸುತ್ತಿತ್ತು.

"ಏನ್ಲಾ ಕಾಲಿಗೆ?" ಹಾಲು ಅಳೆಯುತ್ತಲೇ ಕೇಳಿದ ಡೈರಿ ಕಾರ್ಯದರ್ಶಿ ಶ್ರೀರಾಮಪ್ಪ.

"ಏನಿಲ್ಲಣ್ಣ. ಬೆಳಿಗ್ಗೆ ಲಾಯ ಗುಡಿಸ್ತಿದ್ದೆ. ಲದ್ದಿ ಒಳಗೆ ಜಾಲಿ ಮುಳ್ಳಿತ್ತು."

"ಚಪ್ಪಲಿ ಎಲ್ಲಿತ್ತು?"

"ಲದ್ದಿ ಮೆತ್ಕೊಳ್ತದೆ ಅಂತ ಬಿಚ್ಚಿಟ್ಟಿದ್ದೆ."

"ಬುದ್ಧಿವಂತ ಕಣೋ. ಕಾಲು ಹೋದ್ರೆ ಹೋಗ್ಲಿ, ಚಪ್ಪಲಿ ಚೆನ್ನಾಗಿರ್ಬೇಕು."

ಸಾಲಿನಲ್ಲಿದ್ದವರು ನಕ್ಕರು. ಸುನಂದ ನಗಲಿಲ್ಲ. ಅವಳೂ ಕ್ಯಾನು ತಂದಿದ್ದಳು. ಅದನ್ನು ನೆಲಕ್ಕಿಟ್ಟು ಹುಡುಗನ ಕಾಲಿನ ಹತ್ತಿರ ಬಗ್ಗಿದಳು.

"ಮುಳ್ಳು ಪೂರ್ತಿ ಬಂತೇನೋ? ಸೋಪ್ ಹಾಕಿ ತೊಳೆದ್ಯಾ?"

ಉತ್ತರ ಕೊಟ್ಟವಳು ಸಾಲಿನಲ್ಲೇ ನಿಂತಿದ್ದ ಕದಿರೇಶನ ಅಜ್ಜಿ ಮುತ್ಯಾಲಮ್ಮ. ಅವನ ಅಪ್ಪ ಅಮ್ಮ ಫ್ಯಾಕ್ಟರಿ ಕೆಲಸಕ್ಕೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಮನೆಯಲ್ಲಿ ಅಜ್ಜಿಯದೇ ಯಜಮಾನಿಕೆ.

"ಪಿನ್ನಲ್ಲಿ ನಾನೇ ತೆಗ್ದಿದೀನಮ್ಮ. ಕಾಫಿ ಪುಡಿ ಮೆತ್ತಿ ಕಟ್ಟಿದೀನಿ. ರಕ್ತ ನಿಂತೋಯ್ತು. ಇನ್ನೇನು?"

"ಅಜ್ಜಿ, ಅದನ್ನ ಬಿಚ್ಚಿ ತೊಳೀಬೇಕು. ಇವತ್ತೇ ಮಾಸ್ತಿಗೆ ಕರ್ಕೊಂಡು ಹೋಗಿ ಟೀಟಿ ಹಾಕಿಸ್ಬೇಕು. ನಾನು ಫೋನ್ ಮಾಡಿ ಹೇಳಿರ್ತೀನಿ, ನರ್ಸ್ ಇರ್ತಾರೆ."

ಶ್ರೀರಾಮಪ್ಪನ ಅಳತೆ ಪಾತ್ರೆ ಅರ್ಧದಲ್ಲೇ ನಿಂತಿತು.

"ಟೀಟಿನಾ? ಏನ್ಲಾ ಕದಿರೇಶ, ಎಷ್ಟು ತಿಂಗಳೋ?"

ಈ ಸಲ ನಗು ಡೈರಿಯ ಶೀಟು ದಾಟಿ ರಸ್ತೆಗೂ ಕೇಳಿಸಿತು. ಆಗಲೇ ದುಡ್ಡು ಕೊಟ್ಟು ಕುದುರೆಯ ಮೇಲೆ ಹತ್ತಿ ಕೂತಿದ್ದ ಪುಟ್ಟ ಹುಡುಗ, ಏನೆಂದು ಅರ್ಥವಾಗದಿದ್ದರೂ, ಎಲ್ಲರಿಗಿಂತ ಹೆಚ್ಚು ನಕ್ಕ. ಕದಿರೇಶ ಕಿವಿಯವರೆಗೂ ಕೆಂಪಾಗಿ ಕುದುರೆಯ ಕುತ್ತಿಗೆಯ ಹಿಂದೆ ಮುಖ ಮರೆಸಿಕೊಂಡ.

"ಏಮ್ಮಾ ಸುನಂದ," ಎಂದಳು ಮುತ್ಯಾಲಮ್ಮ, "ಮೂರು ಹೆತ್ತೋಳು ನಾನು. ಬಸುರೀಲೂ ನಂಗೆ ಹಾಕ್ದೇ ಇದ್ದ ಸೂಜಿ ಈ ಗಂಡು ಹುಡುಗಂಗ್ಯಾಕೆ? ಕಬ್ಬಿಣ ತಾಕಿದ್ರೆ ಬೇರೆ ಮಾತು. ಮುಳ್ಳಿಗೆ ಎಲ್ಲಿ ಬಂತು ತುಕ್ಕು?"

"ತುಕ್ಕಿಂದ ಬರೋ ಕಾಯಿಲೆ ಅಲ್ಲ ಅಜ್ಜಿ ಅದು. ಅದರ ಕ್ರಿಮಿ ಮಣ್ಣಲ್ಲಿರ್ತದೆ, ಸಗಣೀಲಿರ್ತದೆ, ಕುದುರೆ ಲದ್ದೀಲಿರ್ತದೆ. ಕುದುರೆ ಆರೋಗ್ಯವಾಗೇ ಇರ್ತದೆ, ಅದರ ತಪ್ಪೇನಿಲ್ಲ. ಮುಳ್ಳು ಆ ಕ್ರಿಮೀನ ಆಳಕ್ಕೆ ತಗೊಂಡು ಹೋಗಿ ಬಿಡ್ತದೆ. ಗಾಳಿ ಆಡದ ಜಾಗ ಅಂದ್ರೆ ಅದಕ್ಕೆ ಹಬ್ಬ. ನೀವು ಮೇಲೆ ಕಾಫಿ ಪುಡಿ ಬೇರೆ ಮೆತ್ತಿದೀರಿ."

"ಆಮೇಲೆ ಏನಾಗ್ತದೆ?" ಶ್ರೀರಾಮಪ್ಪನ ದನಿಯಲ್ಲಿ ತಮಾಷೆ ಸ್ವಲ್ಪ ಕಡಿಮೆಯಾಗಿತ್ತು.

"ದವಡೆ ಕಚ್ಕೊಂಡು ಬಿಡ್ತದೆ. ಒಂದು ಗುಟುಕು ನೀರೂ ಇಳಿಯಲ್ಲ. ಮೈ ಬಿಲ್ಲಿನ ತರ ಬಾಗ್ತದೆ, ಅದಕ್ಕೇ ಧನುರ್ವಾಯು ಅನ್ನೋದು. ಬಂದ ಮೇಲೆ ಉಳಿಸ್ಕೊಳ್ಳೋದು ದೊಡ್ಡ ಕಷ್ಟ. ಬರದ ಹಾಗೆ ನೋಡ್ಕೊಳ್ಳೋದು ಸುಲಭ."

ಕದಿರೇಶ ಕುದುರೆಯ ಹಿಂದಿನಿಂದಲೇ ಮಾತಾಡಿದ.

"ಹತ್ತನೇ ಕ್ಲಾಸಲ್ಲಿ ಸ್ಕೂಲಿಗೆ ನರ್ಸ್ ಬಂದಿದ್ರಕ್ಕ, ಹದಿನಾರು ವರ್ಷಕ್ಕೆ ಹಾಕೋ ಸೂಜಿ ಅಂತ. ಹುಡುಗೀರ ಸೂಜಿ ಅಂದ್ಕೊಂಡು ನಾವೆಲ್ಲ ಕಾಂಪೌಂಡ್ ಹಾರಿ ಓಡೋಗಿದ್ವಿ."

"ಹಾರಿದ್ದು ಸಾಕು. ಈಗ ನಡಿ."

"ನಾನ್ ಬರಲ್ಲ. ನಾಳೆಯಿಂದ ಬಸುರಿ ಕದಿರೇಶ ಅಂತ ಕೂಗ್ತಾರೆ. ಕಾಲೇಜಲ್ಲೂ ಅದೇ ಹೆಸರು ಬೀಳ್ತದೆ."

ಮುತ್ಯಾಲಮ್ಮ ಮೊಮ್ಮಗನ ಪಕ್ಕಕ್ಕೆ ಹೋಗಿ ನಿಂತಳು.

"ಬಿಡಮ್ಮ ಸುನಂದ. ಬಸುರಿ ಅಲ್ದೇ ಇರೋರು ಯಾರಾದ್ರೂ ಈ ಊರಲ್ಲಿ ಆ ಸೂಜಿ ಹಾಕಿಸ್ಕೊಂಡವ್ರಾ? ಒಬ್ಬರನ್ನ ತೋರಿಸು. ನಾನೇ ಇವನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

ಸುನಂದ ಸಾಲಿನ ಉದ್ದಕ್ಕೂ ನೋಡಿದಳು. ಒಬ್ಬರು ಕ್ಯಾನಿನ ಮುಚ್ಚಳ ಸರಿಮಾಡಿಕೊಂಡರು, ಇನ್ನೊಬ್ಬರು ಸೆರಗು.

ಮೇಘನ ಗಾಯವಾಗಿದ್ದ ಅಂಗೈಯನ್ನು ಮುಚ್ಚಿಕೊಂಡಳು. ಆಮೇಲೆ ಸುನಂದಕ್ಕನ ಮನೆಗೆ ಹೋಗಿ ಗುಟ್ಟಾಗಿ ಹೇಳಿದರಾಯಿತು ಎಂದುಕೊಂಡಳು. ಗುಟ್ಟಾಗಿ ಹೇಳಿದರೆ ಈ ಅಜ್ಜಿ ನಂಬುತ್ತಾಳೆಯೇ? ಮುತ್ಯಾಲಮ್ಮ ಕೇಳಿದ್ದು ಒಬ್ಬರನ್ನು ತೋರಿಸು ಎಂದು. ಹಿಂದಿರುಗಿ ಅಮ್ಮನನ್ನು ನೋಡಿದಳು. ಗಂಗರತ್ನಮ್ಮನಿಗೆ ಮಗಳ ಮುಖ ಅರ್ಥವಾಯಿತು. ಬೇಡ ಎಂಬಂತೆ ತಲೆ ಆಡಿಸಿದಳು, ಯಾರಿಗೂ ಕಾಣದಷ್ಟು ಮೆಲ್ಲಗೆ.

ಅಷ್ಟರಲ್ಲಿ ಕದಿರೇಶ ಕುದುರೆ ತಿರುಗಿಸಿದ. "ಬ್ಯಾಂಡ್ ಬೇಕೇನೋ?" ಎಂದು ಮೇಲಿದ್ದ ಹುಡುಗನನ್ನು ಕೇಳಿದ. ಹಾಡು ಶುರುವಾಯಿತು. ಕುದುರೆ ಹೆಜ್ಜೆ ಹಾಕಿತು. ಅದರ ಜೊತೆಗೆ ಅವನು ಎಡಗಾಲಿನ ಬೆರಳ ತುದಿಯನ್ನು ಮಾತ್ರ ಊರಿ, ಒಂದೊಂದು ಹೆಜ್ಜೆಗೂ ತುಟಿ ಕಚ್ಚಿ, ರಸ್ತೆಯ ಧೂಳಿನಲ್ಲಿ ಬರಿಗಾಲಿನಲ್ಲಿ ಹೊರಟ.

"ಅಜ್ಜಿ," ಎಂದಳು ಮೇಘನ.

ಬ್ಯಾಂಡಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವಳ ಮಾತು ಒಂದೇ ಸಲಕ್ಕೆ ಕೇಳಿದ್ದೇ ಅಪರೂಪ. ಸಾಮಾನ್ಯವಾಗಿ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು. ಅವತ್ತು ಬಿಡಲಿಲ್ಲ. ಸಾಲು ಬಿಟ್ಟು ಮುಂದೆ ಬಂದಳು.

"ಅಜ್ಜಿ, ನಾನು ಹಾಕಿಸ್ಕೊಂಡಿದೀನಿ. ಟೀಟಿ. ನಂಗೆ ಮದುವೆ ಆಗಿಲ್ಲ, ನಾನು ಬಸುರಿಯೂ ಅಲ್ಲ. ಕೈಗೆ ಸಿಬಿರು ಚುಚ್ಚಿತ್ತು, ಹಾಕಿಸ್ಕೊಂಡೆ."

ಶ್ರೀರಾಮಪ್ಪ ಬಾಯಿ ತೆರೆದ. ಏನಾದರೊಂದು ಅನ್ನುವವನಿದ್ದ. ಅಷ್ಟರಲ್ಲಿ ಹಿಂದಿನಿಂದ ಗಂಗರತ್ನಮ್ಮನ ದನಿ ಬಂತು.

"ಹೂಂ, ನಾನೇ ಜೊತೇಲಿ ಹೋಗಿದ್ದೆ. ಯಾರಿಗೂ ಹೇಳ್ಬೇಡ ಅಂದೋಳೂ ನಾನೇ. ಏನು ಶ್ರೀರಾಮಪ್ಪ, ಇವಳಿಗೂ ತಿಂಗಳು ಲೆಕ್ಕ ಹಾಕ್ತೀಯಾ?"

"ಅಯ್ಯೋ, ಇಲ್ಲಕ್ಕ," ಎಂದು ಅವನು ಹಾಲಿನ ಕಡೆ ತಿರುಗಿದ.

ಮುತ್ಯಾಲಮ್ಮ ಮೇಘನಳ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಗಾಯ ಮಾಯ್ದು ಸಣ್ಣ ಗೆರೆಯಾಗಿತ್ತು.

"ನೋವಾಯ್ತಾ ತಾಯಿ?"

"ತೋಳು ಒಂದೆರಡು ದಿನ ನೋಯ್ತು ಅಜ್ಜಿ. ಅಷ್ಟೇ."

ಮುದುಕಿ ಅವಳ ಕೈ ಬಿಟ್ಟಳು. ಆಮೇಲೆ ರಸ್ತೆಯ ಕಡೆ ಕೂಗಿದಳು. "ಲೇ ಕದಿರೇಶ, ಕುದುರೆ ತಿರುಗ್ಸು. ಮಾತು ಕೊಟ್ಟಾಗಿದೆ, ಮಾಸ್ತಿಗೆ ಹೋಗ್ಬೇಕು."

ಡೈರಿಯ ನಲ್ಲಿಯ ಕೆಳಗೆ ಸುನಂದ ಅವನ ಕಾಲನ್ನು ಸೋಪು ಹಾಕಿ ತೊಳೆದಳು. ಕಾಫಿ ಪುಡಿಯೆಲ್ಲ ಹರಿದುಹೋಗುವವರೆಗೆ ನೀರು ಬಿಟ್ಟಳು. ಕುದುರೆಯಿಂದ ಇಳಿಸಿದ ಹುಡುಗ ನ್ಯಾಯ ಕೇಳಿದ. "ಟ್ಯಾಂಕ್ ತನಕ ಹೋಗೇ ಇಲ್ಲ. ನನ್ ದುಡ್ಡು?"

"ನಾಳೆ ಬಾರೋ. ಬ್ಯಾಂಡ್ ಫ್ರೀ. ಚಪ್ಪಲಿ ಹಾಕ್ಕೊಂಡು ಬರ್ಬೇಕು ಅಷ್ಟೇ," ಎಂದ ಕದಿರೇಶ.

ಹಾಲು ಅಳೆಯುವುದು ಮುಗಿದ ಮೇಲೆ ಶ್ರೀರಾಮಪ್ಪ ತಾನಾಗಿಯೇ ಬೈಕು ತೆಗೆದ. ಅಜ್ಜಿ ಮೊಮ್ಮಗನ ಹಿಂದೆ ಕೂತಳು. ಹೊರಡುವ ಮುನ್ನ ಶ್ರೀರಾಮಪ್ಪ ಸುನಂದಳನ್ನು ಮೆಲ್ಲಗೆ ಕೇಳಿದ. "ಹೋದ ವಾರ ತೋಟ ಅಗೀವಾಗ ನಂಗೂ ಕಾಲಿಗೆ ಸನಿಕೆ ತಗುಲಿತ್ತು. ನಮ್ಮಂಥೋರಿಗೂ ಹಾಕ್ತಾರಾ?"

"ಹಾಕ್ತಾರೆ. ತಿಂಗಳು ಕೇಳಲ್ಲ, ಭಯ ಬೇಡ," ಎಂದಳು ಸುನಂದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ಮಾತು. ಕುದುರೆ ಇಲ್ಲದ ಊರಿರಬಹುದು, ಸಗಣಿ, ಮಣ್ಣು, ಮುಳ್ಳು ಇಲ್ಲದ ಊರಿಲ್ಲ. ಮುಳ್ಳು ಚುಚ್ಚಲಿ, ಸಿಬಿರು ತಾಗಲಿ, ಮಗು ಬಿದ್ದು ಮಂಡಿ ತರಚಿಕೊಳ್ಳಲಿ, ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಕಾಫಿ ಪುಡಿ, ಬೂದಿ, ಸಗಣಿ ಯಾವುದನ್ನೂ ಮೆತ್ತಬೇಡಿ. ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ತಡವಾಯಿತೆಂದು ಸುಮ್ಮನಾಗಬೇಡಿ, ತಡವಾದರೂ ಹೋಗಿ. ಹಿಂದೆ ಯಾವಾಗ ಹಾಕಿಸಿದ್ದೀರಿ ಎನ್ನುವುದನ್ನು ಹೇಳಿದರೆ, ಎಷ್ಟು ಸೂಜಿ ಬೇಕೆಂದು ಅವರೇ ತಿಳಿಸುತ್ತಾರೆ. ನಾವು ಟೀಟಿ ಎನ್ನುವುದನ್ನು ಈಗ ಅಲ್ಲಿ ಟಿಡಿ ಎನ್ನುತ್ತಾರೆ. ಗಾಯವಾಗದಿದ್ದರೂ ಎಲ್ಲ ಮಕ್ಕಳಿಗೂ ಅದನ್ನು ಹಾಕಿಸಬೇಕು, ಹತ್ತು ವರ್ಷ ತುಂಬಿದಾಗ ಒಂದು, ಹದಿನಾರು ತುಂಬಿದಾಗ ಒಂದು. ಹುಡುಗಿಗೂ, ಹುಡುಗನಿಗೂ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ.

ಮತ್ತೆ, ನೀವು ಆಗಲೇ ಹಾಕಿಸಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. ನಾಲ್ಕು ಜನ ಇದ್ದ ಕಡೆ, ಒಂದು ಸಲಕ್ಕೆ ಕೇಳದಿದ್ದರೆ ಎರಡನೇ ಸಲ, ಬಾಯಿ ಬಿಟ್ಟು ಹೇಳಿ.