ಹಾಕಿ ಮೇಷ್ಟ್ರ ನಡತೆ ಪತ್ರ

ಮಲ್ಲಿಕಾಂಬಳಿಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಅದನ್ನು ಡೈರಿಗೆ ಬಿಟ್ಟರೆ ಇನ್ನೊಬ್ಬರಿಗೆ ಹೇಳಿರಲಿಲ್ಲ. ಅಜ್ಜಂಪುರದ ಹುಡುಗಿಯರ ಹಾಕಿ ತಂಡಕ್ಕೆ ಅವಳನ್ನು ಮಹಿಳಾ ಮೇಲ್ವಿಚಾರಕಿ ಮಾಡಿದ್ದರು. ಸಂಬಳವಿಲ್ಲದ ಕೆಲಸ. ಕಾಲೇಜಿನಲ್ಲಿ ಹಾಕಿ ಆಡಿ ಬಂದವಳು ಊರಿಗೆಲ್ಲ ಇವಳೊಬ್ಬಳೇ ಎನ್ನುವುದು ಕಾರಣ. ಆಡಿದ್ದೆಷ್ಟು? ಶಿವಮೊಗ್ಗದಲ್ಲಿ ಬಿ.ಎ. ಓದುವಾಗ ಮೂರು ಪಂದ್ಯಕ್ಕೆ ಹನ್ನೆರಡನೆಯವಳಾಗಿ ಹೋಗಿ, ಮೂರರಲ್ಲೂ ಗೆಳತಿಯರ ವಾಚು, ಕಿವಿಯೋಲೆ ಕಾಯುತ್ತ ಕೂತು ಎದ್ದು ಬಂದಿದ್ದಳು. "ಚೆಂಡು ಒಂದು ಸಲ ನನ್ನ ಕಾಲಿಗೆ ತಾಗಿದ್ದು ನಿಜ, ಅದೂ ಗೆರೆಯ ಆಚೆ" ಎಂದು ಬರೆದುಕೊಂಡಿದ್ದಳು. "ಆಫ್‌ಸೈಡ್ ಅಂದರೇನು ಅಂತ ಯಾರಾದರೂ ಕೇಳಿಬಿಟ್ಟರೆ?"

ಕೇಳುವವರು ಊರಲ್ಲಿ ಇರಲಿಲ್ಲ, ಆ ಮಾತು ಬೇರೆ. ಆಫ್‌ಸೈಡ್ ಗೊತ್ತಿದ್ದವರೇ ಒಬ್ಬರು, ಪುಟ್ಟಯ್ಯ. ರೈಲ್ವೆ ಗ್ಯಾಂಗ್‌ಮನ್. ಬೆಳಗಾದರೆ ಸುತ್ತಿಗೆ ಹೆಗಲಿಗೇರಿಸಿಕೊಂಡು ಹಳಿಯ ಉದ್ದಕ್ಕೂ ನಡೆದು ಬೋಲ್ಟು ನೋಡುವುದು ಅವರ ಕೆಲಸ. ಅದಕ್ಕೆ ಮೊದಲು ಹನ್ನೊಂದು ವರ್ಷ ಫೌಜಿನಲ್ಲಿದ್ದು ತಮ್ಮ ಪಲ್ಟನ್ನಿಗೆ ಹಾಕಿ ಆಡಿ ಬಂದಿದ್ದರು. ಬೀರೂರಿನ ರೈಲ್ವೆ ಹುಡುಗರು ಮುರಿದು ಎಸೆದ ಸ್ಟಿಕ್ಕುಗಳನ್ನು ತಂದು, ಹುರಿ ಸುತ್ತಿ, ಶಾಲೆಯ ಹಿಂದಿನ ಮೈದಾನದಲ್ಲಿ ಹದಿನಾಲ್ಕು ಹುಡುಗಿಯರಿಗೆ ಒಂದೂವರೆ ವರ್ಷದಿಂದ ಸಂಜೆ ಸಂಜೆ ಆಟ ಕಲಿಸುತ್ತಿದ್ದವರು ಅವರೇ. ಯಾರೂ ಕರೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ಮೈದಾನಕ್ಕೆ ಬಂದ ತಕ್ಷಣ ಸ್ಟಿಕ್ಕಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು.

"ಇದು ನನ್ನ ಗೆರೆ ಕಣ್ರಮ್ಮ. ನಾನು ಇದ್ರಿಂದ ಆಚೆ ಬರಲ್ಲ. ಕೈ ಹಿಡಿಯೋದು ಹೆಂಗೆ ಅಂತ ನನ್ನ ಕೈ ನೋಡಿ ಕಲೀರಿ."

"ಯಾಕೆ ಸಾರ್, ಮುಟ್ಟಿದ್ರೆ ಏನಾಗುತ್ತೆ?" ಎಂದು ಗೋಲು ಕಾಯುವ ಹಾಲಮ್ಮ ಒಂದು ದಿನ ಕೇಳಿದ್ದಳು. ಹದಿನಾಲ್ಕು ವರ್ಷದ ಹುಡುಗಿ. ಬಾಯಿಗೆ ಬಾಗಿಲಿಲ್ಲ.

"ನಾನು ಮುಟ್ಟಿದ್ರೆ ನಿಮ್ಮ ಮನೇರು ನಿಮ್ಮ ತಲೆ ಮೇಲೆ ನಾಲ್ಕು ಕೊಡ ನೀರು ಹುಯ್ದು ಒಳಗೆ ಬಿಟ್ಕೋತಾರೆ. ಬ್ಯಾಸಗೆ, ಬಾವೀಲಿ ನೀರಿಲ್ಲ. ಸುಮ್ನೆ ಆಡಮ್ಮ."

ಹುಡುಗಿಯರು ನಕ್ಕರು. ಮಲ್ಲಿಕಾಂಬಳಿಗೆ ನಗು ಬರಲಿಲ್ಲ.

ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ ತರೀಕೆರೆಯ ಕ್ರೀಡಾ ಮಂಡಳಿಯಿಂದ ಸುತ್ತೋಲೆ ಬಂತು. ಏಪ್ರಿಲ್‌ನಲ್ಲಿ ಹುಡುಗಿಯರ ಪಂದ್ಯಾವಳಿ. ಪ್ರತಿ ತಂಡಕ್ಕೂ ಮಂಡಳಿ ಒಪ್ಪಿದ ಒಬ್ಬ ತರಬೇತುದಾರ ಇರತಕ್ಕದ್ದು. ಸೇವೆ ಉಚಿತ. ಆದರೆ ಹತ್ತು ದಿನದ ಶಿಬಿರ ಮುಗಿಸಿರಬೇಕು, ನಿಯಮಗಳ ಪರೀಕ್ಷೆ ಬರೆದಿರಬೇಕು, ಕಣ್ಣು ನೆಟ್ಟಗಿದೆಯೆಂದು ಡಾಕ್ಟರು ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಇಬ್ಬರು ಗಣ್ಯರಿಂದ ನಡತೆ ಪತ್ರ. "ಹೆಣ್ಣುಮಕ್ಕಳ ತಂಡವಾದ್ದರಿಂದ ಈ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು."

ಓದಿ ಮಲ್ಲಿಕಾಂಬ ಖುಷಿಪಟ್ಟಳು. ಯಾರೋ ಒಬ್ಬ ಪುಣ್ಯಾತ್ಮ ಕೂತು ಯೋಚನೆ ಮಾಡಿ ಬರೆದಿದ್ದಾನೆ ಅಂದುಕೊಂಡಳು. ಎಂಥ ಪೆದ್ದಿ!

ಸುತ್ತೋಲೆ ಬಂದ ಮೂರನೇ ದಿನಕ್ಕೆ ನಂಜುಂಡಪ್ಪ ತಾನೇ ತರಬೇತುದಾರ ಎಂದು ಮೈದಾನಕ್ಕೆ ಬಂದ. ಶಾಲೆಯ ಸಮಿತಿಯ ಯಜಮಾನರೂ ಹತ್ತಿ ಮಂಡಿಯ ಸಾಹುಕಾರರೂ ಆದ ಬೆನಕಪ್ಪನವರ ತಮ್ಮನ ಮಗ. ಮೂವತ್ತರ ಆಸುಪಾಸು, ಬಿಳೀ ಷೂ, ಕೊರಳಲ್ಲಿ ಕೆಂಪು ದಾರದ ಸೀಟಿ. ಸ್ಟಿಕ್ಕನ್ನು ರೊಟ್ಟಿ ತಿರುವಿಹಾಕುವ ಮೊಗಚೆ ಕೈ ಹಿಡಿದ ಹಾಗೆ ಹಿಡಿದಿದ್ದ. ತಂಡದ ಫೋಟೋ ಪೇಪರಿನಲ್ಲಿ ಬರುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

ಮಲ್ಲಿಕಾಂಬಳ ತಂದೆ ಷಣ್ಮುಖಪ್ಪ ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರಾಗಿ ನಿವೃತ್ತರಾದವರು. ಊರಲ್ಲಿ ನಡತೆ ಪತ್ರ ಬೇಕಾದವರೆಲ್ಲ ಅವರ ಜಗಲಿಗೆ ಬರುವುದು ರೂಢಿ. ಬಂದವನು ಹೆಸರು ಹೇಳುವುದು, ದುಂಡಗೆ ಬರೆಯುವ ಮಗಳು ಒಳಗಿನಿಂದ ಕಾಗದ ತರುವುದು, ಅವಳೇ ಬರೆಯುವುದು, ಅವರು ಸಹಿ ಹಾಕಿ ಮೊಹರು ಒತ್ತುವುದು. ಹೇಳಿ ಬರೆಸುವ ಅಗತ್ಯವೇ ಇರಲಿಲ್ಲ. ಎಲ್ಲರಿಗೂ ಅದೇ ಮೂರು ಸಾಲು, ಹೆಸರು ಮಾತ್ರ ಬೇರೆ. ಸಹಿ ಹಾಕಲು ಮೇಷ್ಟ್ರಿಗೆ ಕನ್ನಡಕವೂ ಬೇಡ.

"ಶರಣು ಮಾವ."

"ಬಾರಪ್ಪ ನಂಜುಂಡ, ಕೂತ್ಕೊ. ಏನೋ ಇದು, ಸೀಟಿ ಕಟ್ಕೊಂಡು ಪೊಲೀಸ್ ಆಗ್ಬಿಟ್ಟಿದೀಯ?"

"ಹುಡುಗೀರ ಪೊಲೀಸು ಮಾವ!"

ಜಗಲಿಯಲ್ಲಿದ್ದವರೆಲ್ಲ ನಕ್ಕರು. "ಮಲ್ಲೀ, ಬರಿಯೇ" ಅಂದರು ಮೇಷ್ಟ್ರು. ಅವಳು ಬರೆದಳು. ಇವರನ್ನು ನಾನು ಬಾಲ್ಯದಿಂದ ಬಲ್ಲೆ. ಸಭ್ಯರು. ಸಚ್ಚಾರಿತ್ರ್ಯವುಳ್ಳವರು. ಹೆಣ್ಣುಮಕ್ಕಳ ತಂಡವನ್ನು ಇವರ ವಶಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು. ಕೊನೆಯ ಸಾಲು ಅವಳೇ ಸೇರಿಸಿದ್ದು. ಸುತ್ತೋಲೆಗೆ ಒಪ್ಪುತ್ತದೆ ಅಂತ. ಲೋಟದ ಕಾಫಿ ಆರುವುದರೊಳಗೆ ನಂಜುಂಡಪ್ಪ ಸಚ್ಚಾರಿತ್ರ್ಯವಂತನಾಗಿ ಎದ್ದು ಹೋದ. ಎರಡನೇ ಪತ್ರ ಅವನ ದೊಡ್ಡಪ್ಪನೇ ಕೊಟ್ಟರು.

ಮರುದಿನ ಪುಟ್ಟಯ್ಯ ಬಂದರು. ಜಗಲಿಯ ಕೆಳಗೆ ನೆಟ್ಟಗೆ ನಿಂತರು.

"ಸಾರ್, ನನಗೂ ಒಂದು ನಡತೆ ಪತ್ರ ಬೇಕಿತ್ತು. ಸ್ಟೇಷನ್ ಮಾಸ್ಟರು ಒಂದು ಕೊಟ್ಟವ್ರೆ. ಇನ್ನೊಂದು ಬೇಕಂತೆ."

"ನಿನ್ನ ನಡತೆ ನನಗೇನು ಗೊತ್ತಯ್ಯ?"

"ಮೂರನೇ ಕ್ಲಾಸಲ್ಲಿ ನಿಮ್ಮ ಕೈಲೇ ಏಟು ತಿಂದೋನು ಸಾರ್ ನಾನು."

"ಸಾವಿರ ಜನಕ್ಕೆ ಹೊಡೆದಿದೀನಿ. ಎಲ್ಲರ ನಡತೆ ಕಾಯ್ಕೊಂಡು ಕೂತಿರ್ಲಾ? ಸೋಮವಾರ ಬಾ."

ಪುಟ್ಟಯ್ಯ ಆಚೆ ಹೋದ ಮೇಲೆ ಮೇಷ್ಟ್ರು ಗೊಣಗಿದರು. "ಇವರಪ್ಪ ನಮ್ಮನ್ನ 'ಬುದ್ಧಿ' ಅಂತಿದ್ದ. ಇವನು ಫೌಜಿಗೆ ಹೋಗಿ ಬಂದು ಸಾರ್ ಅಂತಾನೆ, ಸಾರ್!"

ಸೋಮವಾರ ಅಮಾವಾಸ್ಯೆ ಅಂದರು. ಗುರುವಾರ ಮೊಹರಿನ ಮಸಿ ಒಣಗಿದೆ ಅಂದರು. ನಾಲ್ಕನೇ ಸಲ ಒಳಗಿನಿಂದಲೇ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ, "ಮನೇಲಿಲ್ಲ ಅಂತ ಹೇಳೇ" ಅಂದರು. ಮಲ್ಲಿಕಾಂಬ ಬಾಗಿಲಲ್ಲಿ ನಿಂತಳು.

"ಹೋಗ್ಲಿ ಬಿಡಿ ಅಮ್ಮಾವ್ರೆ," ಅಂದರು ಪುಟ್ಟಯ್ಯ. "ಮನೇಲಿಲ್ಲದ ಮೇಷ್ಟ್ರಿಗೆ ನಮಸ್ಕಾರ ಹೇಳ್ಬಿಡಿ."

ತರೀಕೆರೆಯ ಶಿಬಿರಕ್ಕೆ ಪುಟ್ಟಯ್ಯ ವರ್ಷದ ರಜವನ್ನೆಲ್ಲ ಸುರಿದರು. ಮೇಲ್ವಿಚಾರಕಿಯೂ ಹೋಗಬೇಕಿತ್ತು. ದಿನಾ ಬೀರೂರಿನಲ್ಲಿ ಇಳಿದು ಇನ್ನೊಂದು ರೈಲು ಹತ್ತುವುದು. ಒಂದು ದಿನ ಬೀರೂರಿನ ಪ್ಲಾಟ್‌ಫಾರಂ ಮೇಲೆ ಪುಟ್ಟಯ್ಯ ಬೆಂಚಿನ ಉದ್ದಕ್ಕೂ ಕಡ್ಲೇಕಾಯಿ ಜೋಡಿಸಿ ಆಫ್‌ಸೈಡ್ ತೋರಿಸಿಕೊಟ್ಟರು. "ಈ ಕಾಯಿ ಇಲ್ಲಿ ಬಂದ್ಲು, ಆಕಡೆಯೋರು ಗೋಲಿನ ಕಡೆ ಇಬ್ಬರಾದ್ರೂ ಇಲ್ಲ, ಸೀಟಿ! ಅರ್ಥ ಆಯ್ತಾ? ಆಯ್ತು ಅಂದ್ರೆ ತಿನ್ನಿ ಆ ಕಾಯ್ನ." ಅವಳು ತಿಂದಳು. ಅವಳ ಚಿಂತೆ ಅಷ್ಟಕ್ಕೆ ಮುಗಿಯಿತು.

ಪರೀಕ್ಷೆಯಲ್ಲಿ ಪುಟ್ಟಯ್ಯನೇ ಮೊದಲು. ನಂಜುಂಡಪ್ಪ ಮೊದಲ ದಿನ ಫೋಟೋಕ್ಕೆ ಬಂದ, ಕೊನೆಯ ದಿನ ಸರ್ಟಿಫಿಕೇಟಿಗೆ ಬಂದ. ಹಾಜರಿ ಪುಸ್ತಕದಲ್ಲಿ ಹತ್ತು ದಿನವೂ ಅವನ ರುಜು ಇತ್ತು. ಇಬ್ಬರಿಗೂ ಅದೇ ಬಣ್ಣದ ಅದೇ ಕಾಗದ. ಮೇಲಾಗಿ ಮಂಡಳಿಯವರು ಒಂದು ಆಜ್ಞೆ ಮಾಡಿದರು: ನಡತೆ ಪತ್ರ ಎರಡೂ ಬರುವ ತನಕ ಪುಟ್ಟಯ್ಯ ಮೈದಾನಕ್ಕೆ ಕಾಲಿಡಕೂಡದು, ಅಂತಿಮ ಸಭೆಯವರೆಗೆ ಕಾಗದ ಪೂರ್ತಿ ಇರುವವರೇ ತಂಡ ನೋಡಿಕೊಳ್ಳತಕ್ಕದ್ದು.

ವಿಶೇಷ ಎಚ್ಚರವಂತೆ. ಕಣ್ಣು ನೋಡಿದರು, ಎದೆಗೆ ನಳಿಕೆ ಇಟ್ಟು ಉಸಿರು ಕೇಳಿದರು, ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಹದಿನಾಲ್ಕು ಹುಡುಗಿಯರು ಅಜ್ಜಂಪುರದ ಮೈದಾನದಲ್ಲಿ ಸ್ಟಿಕ್ಕು ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬಳನ್ನಾದರೂ ಯಾವನಾದರೂ ಒಂದು ಮಾತು ಕೇಳಿದನೇ?

ತಂಡ ನಂಜುಂಡಪ್ಪನ ಕೈಗೆ ಹೋದ ಮೇಲೆ ಒಂದು ಬುಧವಾರ ಮಲ್ಲಿಕಾಂಬ ಮೈದಾನಕ್ಕೆ ತಡವಾಗಿ ಹೋದಳು. ಗೋಲಿನ ಕಂಬದ ಹತ್ತಿರ ಹಾಲಮ್ಮ ನಿಂತಿದ್ದಳು. ನಂಜುಂಡಪ್ಪ ಹಿಡಿತ ಹೇಳಿಕೊಡುವ ನೆಪದಲ್ಲಿ ಅವಳ ಬೆನ್ನಿಗೆ ಅಂಟಿ ನಿಂತಿದ್ದ. ಅವನ ಒಂದು ಕೈ ಸ್ಟಿಕ್ಕಿನ ಮೇಲಿತ್ತು. ಇನ್ನೊಂದು ಇರಲಿಲ್ಲ. ಹುಡುಗಿ ಕಲ್ಲುಕಂಬದ ಹಾಗೆ ಸೆಟೆದು, ನೇರವಾಗಿ ಮಲ್ಲಿಕಾಂಬಳನ್ನೇ ನೋಡುತ್ತಿದ್ದಳು. ಮಲ್ಲಿಕಾಂಬ ಬಗ್ಗಿ, ಸರಿಯಾಗಿಯೇ ಇದ್ದ ಷೂ ದಾರ ಬಿಚ್ಚಿ, ಮತ್ತೆ ಕಟ್ಟಿದಳು. ಒಂದು ಕಾಲಿನದು. ಆಮೇಲೆ ಇನ್ನೊಂದು ಕಾಲಿನದು.

ಮರುದಿನ ಬೋರಿಂಗ್ ಹತ್ತಿರ ಹಾಲಮ್ಮ ಸಿಕ್ಕಳು.

"ಅಕ್ಕ, ನಾನಿನ್ನು ಆಟಕ್ಕೆ ಬರಲ್ಲ."

"ಯಾಕೆ ಹಾಲಮ್ಮ?"

"ಯಾಕೆ ಅಂತೀರಾ?" ಹುಡುಗಿ ಕೊಡ ಕೆಳಗಿಟ್ಟಳು. "ನಾಲ್ಕು ಜನ ಹುಡುಗೀರು ಅಣ್ಣಂದ್ರ ಶರ್ಟು ಮೇಲೆ ಹಾಕ್ಕೊಂಡು ಬರ್ತಾವ್ರಲ್ಲ, ಈ ಬಿಸ್ಲಲ್ಲಿ ಚಳಿಗೆ ಅಂದ್ಕೊಂಡ್ರಾ?"

"ಮನೇಲಿ ಹೇಳಿದ್ಯಾ?"

"ಹೇಳಿದ್ರೆ ಆಟ ಅಲ್ಲ, ಸ್ಕೂಲೇ ಬಿಡಿಸ್ತಾರೆ. ನಮ್ಮವ್ವ ಆಗ್ಲೇ ಚೌಳಹಿರಿಯೂರಲ್ಲಿ ಒಂದು ಗಂಡು ನೋಡಿಟ್ಟವ್ಳೆ. ನೀವೂ ನನ್ನ ಹೆಸರು ಎತ್ತಬೇಡಿ. ನೀವು ಎತ್ತಲ್ಲ ಬಿಡಿ." ಕೊಡ ಸೊಂಟಕ್ಕೇರಿಸಿಕೊಂಡು ಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಲ್ಲಿಕಾಂಬ ತಂದೆಯ ಮುಂದೆ ನಿಂತಳು.

"ಅಪ್ಪಾಜಿ, ನಂಜುಂಡಪ್ಪಂದು ಆ ಪತ್ರ ವಾಪಸ್ ತಗೋಬೇಕು. ಅವರು... ಸರಿಯಿಲ್ಲ."

ಮೇಷ್ಟ್ರು ಬೈಯುತ್ತಾರೆ, ನಂಬುವುದಿಲ್ಲ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ. ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡರು.

"ಗೊತ್ತು ಕಣೇ."

"ಏನು ಗೊತ್ತು?"

"ಮೊದಲಿಂದ್ಲೂ ಹಂಗೇ ಅವನು. ಕಡೂರಲ್ಲಿ ಓದ್ತಿದ್ದಾಗ್ಲೂ ಏನೋ ಗಲಾಟೆ ಆಗಿ ಬೆನಕಪ್ಪ ಹೋಗಿ ಬಿಡಿಸ್ಕೊಂಡು ಬಂದ. ಒಂದು ಮದುವೆ ಅಂತ ಆದ್ರೆ ಸರಿಹೋಗ್ತಾನೆ. ಆ ಮನೇರ ಮಾತು ತೆಗೆದುಹಾಕಿ ನಾವು ಈ ಊರಲ್ಲಿ ಇರಕ್ಕಾಗುತ್ತಾ? ನಾಳೆ ನಿನಗೂ ಒಂದು ಸಂಬಂಧ ನೋಡ್ಬೇಕು. ಹೋಗು, ಒಳಗೆ ಹೋಗು."

ಒಳಗೆ ಹೋದಳು. ಡೈರಿ ತೆಗೆದಳು. ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿ ಬರೆದಳು. "ಬಾಲ್ಯದಿಂದ ಬಲ್ಲೆ ಎಂದು ಬರೆದದ್ದು ಸುಳ್ಳಲ್ಲ. ಬಲ್ಲರು. ಅಪ್ಪಾಜಿ ಗೊತ್ತಿದ್ದೇ ಸಹಿ ಹಾಕಿದರು. ಪುಟ್ಟಯ್ಯನವರನ್ನೂ ಬಲ್ಲರು. ಗೊತ್ತಿದ್ದೇ ಸಹಿ ಹಾಕಲಿಲ್ಲ. ನಾನು? ನಾನು ದುಂಡಗೆ ಬರೆದೆ." ಆಮೇಲೆ ಇನ್ನೂ ಎಂಟು ಪುಟ ಬರೆದಳು, ನಂಜುಂಡಪ್ಪನಿಗೆ, ಬೆನಕಪ್ಪನಿಗೆ, ಮಂಡಳಿಗೆ, ತನ್ನ ಅಪ್ಪನಿಗೆ. ಇಪ್ಪತ್ಮೂರು ವರ್ಷ ಬಾಯಲ್ಲಿ ಆಡದ ಬೈಗುಳವೆಲ್ಲ ಅಲ್ಲಿ ಬಂದವು. ಬರೆದು ಮುಗಿಸಿದಾಗ ಒಂದು ಸಂಗತಿ ಗೊತ್ತಾಗಿ ಇನ್ನೂ ಸಿಟ್ಟು ಬಂತು. ಈ ಎಂಟು ಪುಟವನ್ನು ಓದುವವಳು ಅವಳೊಬ್ಬಳೇ. ಹಾಲಮ್ಮನಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಅಂತಿಮ ಸಭೆ ತರೀಕೆರೆಯಲ್ಲಿ, ಶಾಲೆಯೊಂದರ ಹಾಲಿನಲ್ಲಿ. ಮೇಜಿನ ಹಿಂದೆ ಮಂಡಳಿಯ ಕಾರ್ಯದರ್ಶಿ ಉಗ್ರಪ್ಪ, ಮುಂದಿನ ಬೆಂಚಿನಲ್ಲಿ ಗಣ್ಯರೆಂದು ಷಣ್ಮುಖಪ್ಪ ಮೇಷ್ಟ್ರು, ಪಕ್ಕದಲ್ಲಿ ಮಗಳು. ನಂಜುಂಡಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪುಟ್ಟಯ್ಯ ಬಾಗಿಲಲ್ಲಿ ನಿಂತಿದ್ದರು.

"ಪುಟ್ಟಯ್ಯ, ಒಂದೇ ನಡತೆ ಪತ್ರ ಇದೆ. ನಿಯಮ ಎರಡು ಕೇಳುತ್ತೆ. ನಾನೇನಪ್ಪ ಮಾಡ್ಲಿ?" ಉಗ್ರಪ್ಪ ಆ ಕಡತವನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದನ್ನು ತೆರೆದರು. "ಆಹಾ, ಇದು ನೋಡಿ! ಅಕ್ಷರ ಅಂದ್ರೆ ಹಿಂಗಿರ್ಬೇಕು." ಗಟ್ಟಿಯಾಗಿ ಓದಿದರು. ಸಭ್ಯರು. ಸಚ್ಚಾರಿತ್ರ್ಯವುಳ್ಳವರು. ನಿಶ್ಚಿಂತೆಯಿಂದ ಒಪ್ಪಿಸಬಹುದು. ಎಲ್ಲ ಮಲ್ಲಿಕಾಂಬ ದುಂಡಗೆ ಬರೆದ ಮಾತುಗಳೇ.

"ಮೇಲ್ವಿಚಾರಕಿ ರುಜು ಒಂದು ಬಾಕಿ. ಬಾಮ್ಮ, ಇಲ್ಲಿ ಹಾಕು."

ಅವಳು ಎದ್ದು ಮೇಜಿನ ಹತ್ತಿರ ಹೋದಳು. ಪೆನ್ನು ಕೊಟ್ಟರು. ತೆಗೆದುಕೊಳ್ಳಲಿಲ್ಲ.

"ಯಾಕಮ್ಮ?"

"ನಾಚಿಕೆ ಸಾರ್," ನಂಜುಂಡಪ್ಪ ನಕ್ಕ. "ನಮ್ಮ ಮೇಷ್ಟ್ರ ಮಗಳು ಬಾಯಲ್ಲಿ ಮುತ್ತಿಟ್ಕೊಂಡವ್ಳೆ, ಬಿದ್ದೋಗುತ್ತೆ ಅಂತ ಮಾತಾಡಲ್ಲ."

"ಮಲ್ಲೀ," ಅಂದರು ತಂದೆ, ಮೆಲ್ಲಗೆ. "ಹಾಕ್ಬಿಟ್ಟು ಬಾ. ರೈಲಿಗೆ ಹೊತ್ತಾಯ್ತು."

"ಆಕ್ಷೇಪ ಏನಾದ್ರೂ ಇದೆಯೇನಮ್ಮ? ಯಾರಾದ್ರೂ ಏನಾದ್ರೂ ಹೇಳಿದಾರಾ?"

"ಯಾರು ಹೇಳಿದ್ದು ಅಂತ ಹೆಸರು ಹೇಳ್ಲಿ ಸಾರ್," ನಂಜುಂಡಪ್ಪ ಕಾಲು ಕೆಳಗಿಳಿಸಿದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. "ಯಾವ ಹುಡುಗಿ? ಕರೆಸೋಣ. ಎಲ್ಲರ ಮುಂದೆ ಕೇಳೋಣ."

ಮಲ್ಲಿಕಾಂಬ ಅವನ ಕಡೆಗೆ ತಿರುಗಿದಳು. ದನಿ ಹೊರಟಾಗ ಅದು ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು.

"ಯಾವ ಹುಡುಗೀನೂ ಹೇಳಿಲ್ಲ. ಇವರು ಮಕ್ಕಳ ಮೈ ಮೇಲೆ ಕೈ ಹಾಕ್ತಾರೆ. ನಾನು ಕಣ್ಣಾರೆ ನೋಡಿದೀನಿ. ನೋಡೀನೂ ತಲೆ ತಗ್ಗಿಸ್ಕೊಂಡು ಸುಮ್ಮನಿದ್ದೆ."